ಕೆರಾಟೋಜೀನಸ್ ಮೆಂಬ್ರೇನ್: ಕೊಂಬು, ಗೊರಸು ಹುಟ್ಟುವ ಪದರ

ಪಶುವೈದ್ಯ ಅನಾಟಮಿಯ ಹಳೆಯ ಪುಸ್ತಕಗಳಲ್ಲಿ ಗೊರಸಿನ ಪಾಠಕ್ಕೆ ಬಂದಾಗ ಈ ಹೆಸರು ಸಿಗುತ್ತದೆ. ಕೊಂಬಿನಂಥ ಗಟ್ಟಿ ವಸ್ತುವನ್ನು ಹುಟ್ಟಿಸುವ ಪೊರೆ ಅಂತ ಅರ್ಥ. ಈಗ ಹೆಚ್ಚಾಗಿ ಕೋರಿಯಂ ಅಂತಲೇ ಹೇಳುತ್ತಾರೆ. ಆದರೆ ಕೆರಾಟಿನ್, ಅಂದರೆ ಕೊಂಬು-ಗೊರಸಿನ ಆ ಗಟ್ಟಿ ಪ್ರೋಟೀನ್, ತಯಾರಿಸುವುದು ಕೋರಿಯಂ ಅಲ್ಲ. ಪರೀಕ್ಷೆಯಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ.

ಕೋರಿಯಂ ಅಂದರೆ ಒಳಚರ್ಮ. ರಕ್ತನಾಳ, ನರ ಎಲ್ಲ ಇರುವುದು ಅದರಲ್ಲಿ. ಅದರ ಮೇಲೆ ಅಂಟಿಕೊಂಡಿರುವ ಎಪಿಡರ್ಮಿಸ್‌ನ (ಹೊರಚರ್ಮದ) ತಳದ ಸಾಲಿನ ಕೋಶಗಳೇ ನಿಜವಾದ ಕೆಲಸಗಾರರು. ಅವಕ್ಕೆ ಸ್ವಂತ ರಕ್ತನಾಳ ಇಲ್ಲ, ಪೋಷಣೆ ಕೋರಿಯಂನಿಂದಲೇ ಬರಬೇಕು. ಹೊಸ ಕೋಶಗಳು ಹುಟ್ಟುತ್ತಾ ಹಳೆಯವನ್ನು ಮುಂದಕ್ಕೆ ತಳ್ಳುತ್ತವೆ. ಹಳೆಯವು ಕೆರಾಟಿನ್ ತುಂಬಿಕೊಂಡು, ಸತ್ತು, ಗಟ್ಟಿಯಾಗುತ್ತವೆ. ಅದಕ್ಕೇ ಗೊರಸಿನ ಹೊರಗೋಡೆ ಹೆರೆದರೆ ದನಕ್ಕೆ ನೋವಾಗುವುದಿಲ್ಲ. ಚಾಕು ಕೋರಿಯಂ ಮುಟ್ಟಿತೋ, ರಕ್ತ ಬರುತ್ತದೆ, ದನ ಕಾಲು ಜಾಡಿಸುತ್ತದೆ.

ಕೂದಲು ಮುಗಿದು ಗೊರಸು ಶುರುವಾಗುವ ಅಂಚನ್ನು ಒಮ್ಮೆ ಬೆರಳಿಟ್ಟು ಮುಟ್ಟಿ ನೋಡಿ. ಅದೇ ಕೊರೊನರಿ ಬ್ಯಾಂಡ್. ಗೊರಸಿನ ಗೋಡೆ ಅಲ್ಲಿಂದ ಕೆಳಕ್ಕೆ ತಿಂಗಳಿಗೆ ಸುಮಾರು 5 ಮಿ.ಮೀ. ಬೆಳೆಯುತ್ತದೆ. ಕಾಲುಬಾಯಿ ಜ್ವರದಲ್ಲಿ ಬೊಬ್ಬೆ ಏಳುವ ಜಾಗಗಳಲ್ಲಿ ಇದೂ ಒಂದು. ಈ ಬ್ಯಾಂಡ್‌ನ ಕೆಲಸ ಕೆಲವು ದಿನ ಕೆಟ್ಟರೆ ಗೋಡೆಯಲ್ಲಿ ಅಡ್ಡಗೆರೆ ಬೀಳುತ್ತದೆ. ಗೆರೆ 2 ಸೆಂ.ಮೀ. ಕೆಳಗಿಳಿದಿದ್ದರೆ ತೊಂದರೆ ಆಗಿದ್ದು ಸುಮಾರು ನಾಲ್ಕು ತಿಂಗಳ ಹಿಂದೆ. ಬ್ಯಾಂಡ್‌ಗೇ ಆಳವಾದ ಗಾಯವಾಗಿ ಕಲೆಗಟ್ಟಿದರೆ ಅದರ ಕೆಳಗಿನ ಬಿರುಕು ಶಾಶ್ವತವಾಗಿ ಉಳಿಯಬಹುದು.

ಕೊಂಬಿನ ಕಥೆಯೂ ಇದೇ, ಆದರೆ ಅಲ್ಲಿ ಒಳಗೊಂದು ಮೂಳೆಯೂ ಇದೆ. ಎಳೆಗರುವಿನ ಕೊಂಬಿನ ಮೊಳಕೆ ಮೊದಲಿಗೆ ಚರ್ಮದಲ್ಲಷ್ಟೇ ಇರುತ್ತದೆ, ಬೆರಳಿಗೆ ಅಲುಗಾಡುತ್ತದೆ. ಸುಮಾರು ಎರಡು ತಿಂಗಳ ಹೊತ್ತಿಗೆ ತಲೆಬುರುಡೆಗೆ ಅಂಟಿಕೊಳ್ಳುತ್ತದೆ. 1933ರಲ್ಲಿ ಅಮೆರಿಕದ ಮೇನ್ ವಿಶ್ವವಿದ್ಯಾಲಯದ ಫ್ರಾಂಕ್ಲಿನ್ ಡೋವ್ ಒಂದು ಕರುವಿನ ಎರಡೂ ಮೊಳಕೆಗಳನ್ನು ಹಣೆಯ ನಡುವಿಗೆ ಸರಿಸಿದರು. ಅದು ಒಂಟಿ ಕೊಂಬಿನ ಹೋರಿಯಾಗಿ ಬೆಳೆಯಿತು! ಕೊಂಬು ಶುರುವಾಗುವುದು ಬುರುಡೆಯಿಂದಲ್ಲ, ಮೊಳಕೆಯಿಂದ ಎನ್ನಲು ಇದಕ್ಕಿಂತ ಚಂದದ ಸಾಕ್ಷಿ ಬೇಕಾ?

ಕೊಂಬು ಬೆಳೆಯದಂತೆ ಕರುವಿನ ಮೊಳಕೆ ಸುಡುವಾಗ ಈ ಪಾಠವೇ ಕೈಗೆ ಬರಬೇಕು. ಮೊದಲು ಕಾರ್ನುಯಲ್ ನರಕ್ಕೆ (ಕೊಂಬಿಗೆ ಹೋಗುವ ನರ) ಮರಗಟ್ಟಿಸುವ ಮದ್ದು ಲಿಗ್ನೋಕೇನ್ ಕೊಡಿ, ಅದನ್ನು ಬಿಡಲೇಬಾರದು. ಆಮೇಲೆ ನಡುವಿನ ತುದಿಯನ್ನಷ್ಟೇ ಸುಟ್ಟರೆ ಸಾಲದು. ಹೊಸ ಕೊಂಬು ಹುಟ್ಟುವುದು ಮೊಳಕೆಯ ಸುತ್ತಲಿನ ಚರ್ಮದ ಉಂಗುರದಲ್ಲಿ. ಅದರ ಒಂದು ಚೂರು ಉಳಿದರೂ ಸೊಟ್ಟ ಮೋಟುಗೊಂಬು ಮತ್ತೆ ಏಳುತ್ತದೆ.