ಚಿಕ್ಕ ಕಮ್ಯುನಿಟಿ ಕಾಲೇಜಿಗೆ ಸೇರಿದರೆ ಎರಡು ವರ್ಷ ದಂಡ ಆಗುತ್ತಾ?

ಪ್ರಶ್ನೆ: ನನ್ನ ಮಗ ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸಿದ್ದಾನೆ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಮ್ಮ, "ಅಕ್ಕಾ, ಅವನನ್ನ ಇಲ್ಲಿಗೆ ಕಳಿಸು. ನಮ್ಮೂರಲ್ಲೇ ಒಂದು ಕಮ್ಯುನಿಟಿ ಕಾಲೇಜಿದೆ, ಫೀಸು ಬಹಳ ಕಡಿಮೆ. ಎರಡು ವರ್ಷ ಅಲ್ಲಿ ಓದಿ ಆಮೇಲೆ ಯೂನಿವರ್ಸಿಟಿಗೆ ಹೋಗ್ಲಿ" ಅಂತಿದ್ದಾನೆ. ತುಂಬಾ ಚಿಕ್ಕ ಕಾಲೇಜಂತೆ, ನಾವು ಹೆಸರೇ ಕೇಳಿಲ್ಲ. ಅಲ್ಲಿ ಓದಿದರೆ ಮುಂದೆ ಬೆಲೆ ಇರುತ್ತಾ? ಎರಡು ವರ್ಷ ಸುಮ್ನೆ ದಂಡ ಆಗಲ್ವಾ?
ಒಬ್ಬ ತಾಯಿ, ಹಾಸನ

ಉತ್ತರ: ಬೆಲೆ ಇರುತ್ತೆ. ನಿಮ್ಮ ಮಗ ಕೊನೆಗೆ ಯಾವ ಯೂನಿವರ್ಸಿಟಿಯಲ್ಲಿ ಡಿಗ್ರಿ ಮುಗಿಸುತ್ತಾನೋ ಅದರ ಹೆಸರೇ ಸರ್ಟಿಫಿಕೇಟಿನ ಮೇಲೆ ಬರುತ್ತೆ. ಮೊದಲ ಎರಡು ವರ್ಷ ಎಲ್ಲಿ ಓದಿದ ಅಂತ ಅದರಲ್ಲಿ ಬರೆಯುವುದಿಲ್ಲ. ಆದರೆ ಆ ಎರಡು ವರ್ಷ ದಂಡ ಆಗಬಾರದು ಅಂದ್ರೆ ಸೇರುವ ಮೊದಲೇ ನೋಡಿಕೊಳ್ಳಬೇಕಾದ್ದು ಬಹಳ ಇದೆ.

ನಮ್ಮಲ್ಲಿ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು, ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರುವ ಹುಡುಗರಿದ್ದಾರಲ್ಲ, ಇದೂ ಹೆಚ್ಚುಕಡಿಮೆ ಹಾಗೇ. ಕಮ್ಯುನಿಟಿ ಕಾಲೇಜಿನಲ್ಲಿ 60 ಕ್ರೆಡಿಟ್ ಮುಗಿಸಿದರೆ ಅಸೋಸಿಯೇಟ್ ಡಿಗ್ರಿ. ಅದನ್ನು ಹಿಡಿದು ಯೂನಿವರ್ಸಿಟಿಯ ಮೂರನೇ ವರ್ಷಕ್ಕೆ ಟ್ರಾನ್ಸ್‌ಫರ್. ಇದು ಹೊಸದೇನೂ ಅಲ್ಲ. ಇಲಿನಾಯ್‌ನ ಜೋಲಿಯೆಟ್‌ನಲ್ಲಿ 1901ರಲ್ಲಿ ಇಂಥ ಕಾಲೇಜು ಶುರುವಾದಾಗ ಇದ್ದದ್ದು 6 ವಿದ್ಯಾರ್ಥಿಗಳು. ಅದು ಇವತ್ತಿಗೂ ನಡೆಯುತ್ತಿದೆ. ಈಗ ಕ್ಯಾಲಿಫೋರ್ನಿಯಾ ಒಂದರಲ್ಲೇ 116 ಕಮ್ಯುನಿಟಿ ಕಾಲೇಜುಗಳಿವೆ. ನಟ ಟಾಮ್ ಹ್ಯಾಂಕ್ಸ್ ಓದಿದ್ದು ಹೇವರ್ಡ್‌ನ ಚಾಬೋ ಕಾಲೇಜಿನಲ್ಲಿ. ಇವೆಲ್ಲ ದಡ್ಡರು ಹೋಗುವ ಜಾಗ ಅನ್ನುವ ಮಾತನ್ನು ದಯವಿಟ್ಟು ಮನೆಯಲ್ಲಿ ಯಾರೂ ಆಡಬೇಡಿ. ಹುಡುಗನ ಮನಸ್ಸಿಗೆ ಅದು ನಾಟಿಬಿಡುತ್ತೆ.

ಮೊದಲು ದುಡ್ಡಿನ ವಿಷಯ. ಇಲ್ಲಿ ನಿಮ್ಮ ತಮ್ಮನ ಲೆಕ್ಕ ತಪ್ಪಿರಬಹುದು. "ಫೀಸು ಬಹಳ ಕಡಿಮೆ" ಅನ್ನುವುದು ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ. ಅವರಿಗೆ ಯೂನಿಟ್‌ಗೆ, ಅಂದ್ರೆ ಒಂದು ಕ್ರೆಡಿಟ್‌ಗೆ, 46 ಡಾಲರ್. ವರ್ಷಕ್ಕೆ 30 ಯೂನಿಟ್ ಅಂದ್ರೆ 1,380 ಡಾಲರ್. ನಿಮ್ಮ ಮಗ ಹೋಗುವುದು ಎಫ್-1 ವೀಸಾದಲ್ಲಿ, ಅಂದ್ರೆ ವಿದೇಶಿ ವಿದ್ಯಾರ್ಥಿಗಳ ವೀಸಾದಲ್ಲಿ. ಸೋದರಮಾವನ ಮನೆಯಲ್ಲೇ ಇದ್ದರೂ ಅವನು ನಿವಾಸಿ ಅನ್ನಿಸಿಕೊಳ್ಳುವುದಿಲ್ಲ. ಅವನಿಗೆ ಬಹುತೇಕ ಕಡೆ ಇದರ ಮೇಲೆ ಯೂನಿಟ್‌ಗೆ 300 ಡಾಲರ್‌ಗೂ ಜಾಸ್ತಿ ಹಾಕುತ್ತಾರೆ. ವರ್ಷದ ಫೀಸು 10 ಸಾವಿರ ಡಾಲರ್ ದಾಟುವುದು ಸಾಮಾನ್ಯ. ಪೆಲ್ ಗ್ರಾಂಟ್‌ನಂಥ ಸರ್ಕಾರಿ ನೆರವು ವಿದೇಶಿ ವಿದ್ಯಾರ್ಥಿಗೆ ಸಿಗುವುದಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಮೂರನೇ ವರ್ಷಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದ್ರೆ ಯುಸಿಗೆ ಹೋದರೆ ವಿದೇಶಿ ವಿದ್ಯಾರ್ಥಿಗೆ ಫೀಸೇ ವರ್ಷಕ್ಕೆ 50 ಸಾವಿರ ಡಾಲರ್ ಆಸುಪಾಸು. ಕ್ಯಾಲಿಫೋರ್ನಿಯಾದ ಇನ್ನೊಂದು ಸರ್ಕಾರಿ ಗುಂಪಾದ ಕ್ಯಾಲ್ ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಎರಡು ವರ್ಷದ ಲೆಕ್ಕ ಹಾಕಿ ಮಗನನ್ನು ಕಳಿಸಬೇಡಿ. ನಾಲ್ಕು ವರ್ಷದ್ದು ಹಾಕಿ. ಅರ್ಧದಲ್ಲಿ ದುಡ್ಡು ಮುಗಿದು ವಾಪಸ್ ಬಂದರೆ ಕೈಯಲ್ಲಿ ಉಳಿಯುವುದು ಅಸೋಸಿಯೇಟ್ ಡಿಗ್ರಿ. ಅದು ನಮ್ಮ ಬಿಎಸ್‌ಸಿ, ಬಿಇಗೆ ಸಮ ಅಲ್ಲ.

ಇನ್ನು "ಚಿಕ್ಕ ಕಾಲೇಜು" ಅಂದಿರಲ್ಲ, ಅದಕ್ಕೆ ಬರುತ್ತೇನೆ.

ನನ್ನ ಅಣ್ಣನ ಮಗಳು ಇಂಥದ್ದೇ ಒಂದು ಕಾಲೇಜಿನಲ್ಲಿ ಓದಿದಳು. ಮೊದಲ ದಿನ ಫಿಸಿಕ್ಸ್ ಕ್ಲಾಸಿನಲ್ಲಿ ಇದ್ದದ್ದು ಹದಿನಾಲ್ಕು ಜನ. ಮೇಷ್ಟ್ರು ಇವಳ ಹೆಸರನ್ನು ಮೂರು ಸಲ ಹೇಳಿಸಿಕೊಂಡು, ಉಚ್ಚಾರ ತಪ್ಪದ ಹಾಗೆ ಹಾಜರಿ ಪಟ್ಟಿಯ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಂಡರಂತೆ. ಎರಡನೇ ವಾರದಿಂದ ಅವರ ಆಫೀಸಿನ ಬಾಗಿಲು ತಟ್ಟಿ ಡೌಟ್ ಕೇಳುವುದು ಅವಳಿಗೆ ಅಭ್ಯಾಸವಾಯಿತು. ದೊಡ್ಡ ಯೂನಿವರ್ಸಿಟಿಗಳಲ್ಲಿ ಮೊದಲ ವರ್ಷದ ಕ್ಲಾಸಿಗೆ ಇನ್ನೂರು, ಮುನ್ನೂರು ಜನ ಕೂರುತ್ತಾರೆ. ಕಮ್ಯುನಿಟಿ ಕಾಲೇಜಿನ ಮೇಷ್ಟ್ರುಗಳ ಮುಖ್ಯ ಕೆಲಸ ಪಾಠ ಮಾಡುವುದೇ. ಸಂಶೋಧನೆಯ ಒತ್ತಡ ಅವರ ಮೇಲಿಲ್ಲ. ಮುಂದೆ ಸ್ಕಾಲರ್‌ಶಿಪ್‌ಗೆ ಶಿಫಾರಸು ಪತ್ರ ಬೇಕಾದಾಗ ಅದೇ ಮೇಷ್ಟ್ರು ಅವಳು ಲ್ಯಾಬಿನಲ್ಲಿ ಮಾಡಿದ್ದನ್ನೆಲ್ಲ ನೆನಪಿಟ್ಟು ಬರೆದುಕೊಟ್ಟರು. ಚಿಕ್ಕ ಕಾಲೇಜಿನ ನಿಜವಾದ ಆಸ್ತಿ ಇದು. ಕನ್ನಡ ಮೀಡಿಯಂನಿಂದ ಬಂದ, ಇಂಗ್ಲಿಷಿನಲ್ಲಿ ಮಾತಾಡಲು ಹಿಂಜರಿಯುವ ಹುಡುಗನಿಗೆ ಇದು ಎಷ್ಟು ದೊಡ್ಡ ಧೈರ್ಯ ಅಂತ ಬೇರೆ ಹೇಳಬೇಕಾ?

ಆದರೆ ಅದೇ ಹುಡುಗಿ ಮೂರನೇ ಸೆಮಿಸ್ಟರ್‌ನಲ್ಲಿ ಅತ್ತಳು. ಕ್ಯಾಲ್ಕುಲಸ್-3ಕ್ಕೆ ಸೇರಿದ್ದವರು ಒಂಬತ್ತೇ ಜನ. ಕ್ಲಾಸ್ ಶುರುವಾಗಲು ವಾರ ಇದೆ ಅನ್ನುವಾಗ "ಸಾಕಷ್ಟು ವಿದ್ಯಾರ್ಥಿಗಳಿಲ್ಲ, ರದ್ದು" ಅಂತ ಇಮೇಲ್ ಬಂತು. ಆ ವಿಷಯ ಅಲ್ಲಿ ವರ್ಷಕ್ಕೆ ಒಂದೇ ಸಲ. ಅದು ಮುಗಿಸದೆ ಎಂಜಿನಿಯರಿಂಗ್‌ಗೆ ಟ್ರಾನ್ಸ್‌ಫರ್ ಇಲ್ಲ. ಕೊನೆಗೆ ವಾರಕ್ಕೆ ಎರಡು ದಿನ, ಒಂದು ಗಂಟೆ ಕಾರು ಓಡಿಸಿಕೊಂಡು ಪಕ್ಕದ ಊರಿನ ಕಾಲೇಜಿಗೆ ಹೋಗಿ ಮುಗಿಸಿದಳು. ಮನೆಯಲ್ಲಿ ಕಾರಿತ್ತು, ಹಾಗಾಗಿ ಒಂದು ವರ್ಷ ಉಳಿಯಿತು.

ನಾನು ಜಾಸ್ತಿ ಒತ್ತಿ ಹೇಳುವುದು ಇದನ್ನೇ. ಮ್ಯಾಥ್ಸ್, ಫಿಸಿಕ್ಸ್ ವಿಷಯಗಳು ಸರಪಳಿ ಇದ್ದ ಹಾಗೆ. ಕ್ಯಾಲ್ಕುಲಸ್-1 ಆದಮೇಲೆ 2, ಆಮೇಲೆ 3, ಆಮೇಲೆ ಡಿಫರೆನ್ಷಿಯಲ್ ಈಕ್ವೇಶನ್ಸ್. ಫಿಸಿಕ್ಸ್ ಶುರುಮಾಡಲೂ ಕ್ಯಾಲ್ಕುಲಸ್ ಬೇಕು. ದೊಡ್ಡ ಕಾಲೇಜಿನಲ್ಲಿ ಪ್ರತಿ ಸೆಮಿಸ್ಟರ್‌ಗೂ ಎಲ್ಲವೂ ಸಿಗುತ್ತೆ. ಚಿಕ್ಕದರಲ್ಲಿ ಒಂದು ಕೊಂಡಿ ತಪ್ಪಿದರೆ ವರ್ಷವೇ ಹೋಯಿತು. ಮಗ ಜನವರಿಯಲ್ಲಿ ಸೇರಿದರೆ ಕ್ಯಾಲ್ಕುಲಸ್-1 ಇರುತ್ತಾ, ಇಲ್ಲ ಆಗಸ್ಟ್‌ವರೆಗೆ ಕಾಯಬೇಕಾ ಅಂತ ಕೇಳಿ. ಆನ್‌ಲೈನ್‌ನಲ್ಲಿ ಮುಗಿಸಿಕೊಳ್ಳೋಣ ಅಂದರೂ ಎಫ್-1 ಹುಡುಗರಿಗೆ ಕಟ್ಟುಪಾಡಿದೆ. ಸೆಮಿಸ್ಟರ್‌ಗೆ 12 ಕ್ರೆಡಿಟ್ ಓದಲೇಬೇಕು, ಆ ಲೆಕ್ಕಕ್ಕೆ ಆನ್‌ಲೈನ್ ಕ್ಲಾಸ್ ಒಂದನ್ನು ಮಾತ್ರ ಹಿಡಿಯುತ್ತಾರೆ.

ಅಮೆರಿಕದಾದ್ಯಂತ ಕಮ್ಯುನಿಟಿ ಕಾಲೇಜಿನಲ್ಲಿ ಓದು ಶುರುಮಾಡಿದವರಲ್ಲಿ ಆರು ವರ್ಷದೊಳಗೆ ಬ್ಯಾಚುಲರ್ ಡಿಗ್ರಿ ಮುಗಿಸುವವರು ನೂರಕ್ಕೆ 16ರಷ್ಟು ಮಾತ್ರ. ಓದಲು ಬಾರದೆ ಹೀಗಾಗುತ್ತೆ ಅಂತ ನಾನು ಒಪ್ಪುವುದಿಲ್ಲ. ಅಲ್ಲಿ ಓದುವವರಲ್ಲಿ ಬಹಳ ಜನ ಕೆಲಸ ಮಾಡುತ್ತಾ, ಸಂಸಾರ ನೋಡಿಕೊಳ್ಳುತ್ತಾ ಓದುತ್ತಾರೆ. ಜೊತೆಗೆ, ಓದಿದ ವಿಷಯವನ್ನು ಮುಂದಿನ ಯೂನಿವರ್ಸಿಟಿ ಲೆಕ್ಕಕ್ಕೆ ಹಿಡಿಯದೆ ಮತ್ತೆ ಓದಿಸುವುದೂ ಇದೆ. ಅದನ್ನು ತಪ್ಪಿಸಲು ಕ್ಯಾಲಿಫೋರ್ನಿಯಾದಲ್ಲಿ "ಅಸಿಸ್ಟ್" ಅನ್ನುವ ಉಚಿತ ವೆಬ್‌ಸೈಟ್ ಇದೆ. ನಿಮ್ಮ ಮಗನ ಕಾಲೇಜು, ಮುಂದೆ ಹೋಗಬೇಕಾದ ಯುಸಿ ಅಥವಾ ಕ್ಯಾಲ್ ಸ್ಟೇಟ್, ಅಲ್ಲಿನ ಕೋರ್ಸು, ಈ ಮೂರನ್ನು ಹಾಕಿದರೆ ಯಾವ ವಿಷಯಕ್ಕೆ ಯಾವುದು ಸಮ ಅಂತ ಸಾಲುಸಾಲಾಗಿ ಬರುತ್ತೆ. ಚಿಕ್ಕ ಕಾಲೇಜಾದರೆ ಎಡೆ ಎಡೆಯಲ್ಲಿ "ಸಮಾನ ವಿಷಯ ಇಲ್ಲ" ಅಂತ ಕಾಣುತ್ತೆ. ಆ ಖಾಲಿ ಸಾಲುಗಳನ್ನು ಎಣಿಸಿ. ಒಂದೋ ಎರಡೋ ಆದರೆ ಪರವಾಗಿಲ್ಲ. ಐದಾರು ಇದ್ದರೆ ಆ ಕೋರ್ಸಿಗೆ ಆ ಕಾಲೇಜು ಬೇಡ.

ಡಿಗ್ರಿಯ ಹೆಸರನ್ನೂ ನೋಡಿ. ಎಎ (ಅಸೋಸಿಯೇಟ್ ಆಫ್ ಆರ್ಟ್ಸ್), ಎಎಸ್ (ಅಸೋಸಿಯೇಟ್ ಆಫ್ ಸೈನ್ಸ್) ಅಂದ್ರೆ ಸಾಮಾನ್ಯವಾಗಿ ಟ್ರಾನ್ಸ್‌ಫರ್‌ಗೆ ಅನುಕೂಲ. ಎಎಎಸ್ (ಅಸೋಸಿಯೇಟ್ ಆಫ್ ಅಪ್ಲೈಡ್ ಸೈನ್ಸ್) ಅಂತಿದ್ದರೆ ಅದು ನೇರವಾಗಿ ಕೆಲಸಕ್ಕೆ ಸೇರುವವರಿಗೆ ಮಾಡಿದ್ದು. ಅದರ ಕ್ರೆಡಿಟ್‌ಗಳನ್ನು ಎಷ್ಟೋ ಯೂನಿವರ್ಸಿಟಿಗಳು ಪೂರ್ತಿ ತೆಗೆದುಕೊಳ್ಳುವುದಿಲ್ಲ.

ವೀಸಾ ಸಂದರ್ಶನಕ್ಕೆ ಚೆನ್ನೈಗೋ ಹೈದರಾಬಾದಿಗೋ ಹೋದಾಗ "ಈ ಕಾಲೇಜೇ ಯಾಕೆ?" ಅಂತ ಕೇಳುವ ಸಾಧ್ಯತೆ ಬಹಳ. "ಮಾವ ಅಲ್ಲಿದ್ದಾರೆ" ಅನ್ನುವ ಉತ್ತರ ಸಾಲದು. ಎರಡು ವರ್ಷ ಏನು ಓದುತ್ತೇನೆ, ಆಮೇಲೆ ಎಲ್ಲಿಗೆ, ದುಡ್ಡು ಎಲ್ಲಿಂದ ಅಂತ ಹುಡುಗನಿಗೇ ಗೊತ್ತಿರಬೇಕು. ಕೆಲಸದ ವಿಷಯವೂ ತಿಳಿದಿರಲಿ. ಅಸೋಸಿಯೇಟ್ ಡಿಗ್ರಿ ಆದಮೇಲೆ ಒಪಿಟಿಯಲ್ಲಿ, ಅಂದ್ರೆ ಓದಿದ ವಿಷಯದಲ್ಲೇ ಕೆಲಸ ಮಾಡಲು ಎಫ್-1ನವರಿಗೆ ಕೊಡುವ ತಾತ್ಕಾಲಿಕ ಅನುಮತಿಯಲ್ಲಿ, 12 ತಿಂಗಳು ಕೆಲಸ ಮಾಡಬಹುದು. ಸೈನ್ಸ್, ಎಂಜಿನಿಯರಿಂಗ್‌ನವರಿಗೆ ಸಿಗುವ 24 ತಿಂಗಳ ವಿಸ್ತರಣೆಗೆ ಬ್ಯಾಚುಲರ್ ಡಿಗ್ರಿಯಾದರೂ ಬೇಕು.

ಊರನ್ನೂ ವಿಚಾರಿಸಿ. ಕ್ವಿನ್ಸಿಯ ಫೆದರ್ ರಿವರ್ ಕಾಲೇಜು, ಸುಸಾನ್‌ವಿಲ್‌ನ ಲ್ಯಾಸೆನ್ ಕಾಲೇಜುಗಳಂಥವು ಇರುವುದು ಗುಡ್ಡಗಾಡಿನಲ್ಲಿ. ಚಳಿಗಾಲದಲ್ಲಿ ಹಿಮ ಬೀಳುತ್ತೆ. ಫೆದರ್ ರಿವರ್‌ನಲ್ಲಿ ಕುದುರೆ ಸಾಕಣೆ, ರ‍್ಯಾಂಚ್ ನಿರ್ವಹಣೆಗೆ ಬ್ಯಾಚುಲರ್ ಡಿಗ್ರಿಯೇ ಇದೆ. ಅದನ್ನು ಬಯಸಿ ಹೋಗುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಆದರೆ ಕಂಪ್ಯೂಟರ್ ಸೈನ್ಸ್ ಓದಬೇಕೆನ್ನುವ, ಕಾರು ಓಡಿಸಲು ಬಾರದ ಹುಡುಗನಿಗೆ ಅಂಥ ಊರು ಕಷ್ಟ.

ಕಾಲ ಎಷ್ಟು ಬೇಗ ಓಡುತ್ತೆ ಅಂತಲೂ ಗೊತ್ತಿರಲಿ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಈ ಆರು ಯುಸಿ ಕ್ಯಾಂಪಸ್‌ಗಳು ಷರತ್ತು ಪೂರೈಸಿದ ಕಮ್ಯುನಿಟಿ ಕಾಲೇಜಿನವರಿಗೆ ಸೀಟಿನ ಖಾತರಿ ಕೊಡುತ್ತವೆ. ಎಲ್ಲ ಕೋರ್ಸಿಗೂ ಇಲ್ಲ, ನೋಡಿಕೊಳ್ಳಬೇಕು. ಅದಕ್ಕೆ ಅರ್ಜಿ ಹಾಕುವುದು ಸೆಪ್ಟೆಂಬರ್‌ನಲ್ಲಿ. ಆಗಸ್ಟ್‌ನಲ್ಲಿ ಸೇರಿದ ಹುಡುಗನಿಗೆ ಮುಂದಿನ ಸೆಪ್ಟೆಂಬರ್‌ಗೆ ಎರಡೇ ಸೆಮಿಸ್ಟರ್ ಆಗಿರುತ್ತೆ. ಮೊದಲ ಸೆಮಿಸ್ಟರ್‌ನ ಮಾರ್ಕ್ಸಿಗೂ ಅಷ್ಟೇ ತೂಕ.

ಹಾಗಾಗಿ ಇವತ್ತು ರಾತ್ರಿಯೇ ನಿಮ್ಮ ತಮ್ಮನಿಗೆ ಫೋನ್ ಮಾಡಿ. "ಆ ಕಾಲೇಜಿನ ಕಳೆದ ಎರಡು ವರ್ಷದ ನಾಲ್ಕೂ ಸೆಮಿಸ್ಟರ್‌ಗಳ ಟೈಮ್‌ಟೇಬಲ್ ಕಳಿಸು. ಯಾವ ಕ್ಲಾಸ್ ನಿಜವಾಗಿ ನಡೆಯಿತು, ಯಾವುದು ರದ್ದಾಯಿತು ಅಂತ ಅಲ್ಲಿನ ಕೌನ್ಸೆಲರ್‌ನ ಕೇಳಿ ಗುರುತು ಹಾಕು" ಅನ್ನಿ. ಅದು ಕೈಗೆ ಬಂದಮೇಲೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಸಿಸ್ಟ್‌ನ ಪಟ್ಟಿಯ ಜೊತೆ ಸಾಲುಸಾಲಾಗಿ ಹೋಲಿಸಿ ನೋಡಿ.