ಸಿಲೋನ್ ದಾರಿಯಾಗಿ ಬದಿಯಡ್ಕಕ್ಕೆ ಬಂದ ದನಿ

ರೇಡಿಯೋ ನಿರೂಪಕ ಅಮೀನ್ ಸಯಾನಿ ತೀರಿಕೊಂಡದ್ದು 2024ರ ಫೆಬ್ರವರಿ 20ಕ್ಕೆ. ಸುದ್ದಿ ಬಂದ ದಿನ ಕಾಸರಗೋಡಿನ ಬದಿಯಡ್ಕದಲ್ಲಿ ನನ್ನ ಸೋದರಮಾವ ಮಧ್ಯಾಹ್ನದ ಊಟಕ್ಕೂ ಏಳದೆ ಸುಮ್ನೆ ಜಗಲಿಯಲ್ಲಿ ಕೂತಿದ್ದರು. ಒಮ್ಮೆಯೂ ಕಂಡಿರದ ಮುಂಬೈಯ ಒಬ್ಬ ಮನುಷ್ಯನಿಗಾಗಿ!

ಆ ದನಿ ನಮ್ಮ ಅಡಿಕೆ ತೋಟದವರೆಗೆ ಬಂದ ದಾರಿ ವಿಚಿತ್ರ. 1952ರಲ್ಲಿ ಪ್ರಸಾರ ಖಾತೆಯ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಹಿಡಿಸುತ್ತಿರಲಿಲ್ಲ, ಆಕಾಶವಾಣಿಯಲ್ಲಿ ಅವು ಹೆಚ್ಚುಕಡಿಮೆ ನಿಂತೇ ಹೋದವು. ಇತ್ತ ಶ್ರೀಲಂಕಾದ ರೇಡಿಯೋ ಸಿಲೋನ್ ಹತ್ತಿರ ಯುದ್ಧಕಾಲದ ಬಲವಾದ ಶಾರ್ಟ್ ವೇವ್ ಟ್ರಾನ್ಸ್‌ಮಿಟರ್ ಇತ್ತು. ಅದೇ ವರ್ಷದ ಕೊನೆಗೆ ಅಲ್ಲಿ ಹಿಂದಿ ಸಿನಿಮಾ ಹಾಡುಗಳ ಬಿನಾಕಾ ಗೀತ್‌ಮಾಲಾ ಕಾರ್ಯಕ್ರಮ ಶುರುವಾಯಿತು. ಸಯಾನಿ ಮುಂಬೈಯಲ್ಲಿ ಮಾತಾಡಬೇಕು, ಟೇಪು ಕೊಲಂಬೋಗೆ ಹೋಗಬೇಕು, ಅಲ್ಲಿಂದ ಬುಧವಾರ ರಾತ್ರಿ ಕಡಲು ದಾಟಿ ನಮ್ಮ ಅಂಗಳಕ್ಕೆ ಬರಬೇಕು. 1957ರಲ್ಲಿ ಸಿನಿಮಾ ಹಾಡು ಹಾಕುವ ಆಕಾಶವಾಣಿಯದ್ದೇ ವಿವಿಧ ಭಾರತಿ ಬಂತು, ಆದರೂ ಮಾವ ಸಿಲೋನ್ ಬಿಡಲಿಲ್ಲ.

ಯಾಕೆ ಬಿಡಲಿಲ್ಲ? ಭಾಷೆಗಾಗಿ. ನಮಗೆ ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ರೇಷನ್ ಅಂಗಡಿಯಲ್ಲಿ ಮಲಯಾಳ. ಹಿಂದಿ ಅಂದರೆ ಶಾಲೆಯ ಪುಸ್ತಕ ಮಾತ್ರ. ಸಯಾನಿಯ ಹಿಂದೂಸ್ತಾನಿ ಹಾಗಿರಲಿಲ್ಲ, ಪಕ್ಕದಲ್ಲೇ ಕೂತು ಮಾತಾಡಿದ ಹಾಗಿತ್ತು. ಅದು ಅವರ ಮನೆಯಿಂದಲೇ ಬಂದದ್ದು: ತಾಯಿ ಕುಲ್ಸುಮ್ ಸಯಾನಿ ಹೊಸದಾಗಿ ಓದಲು ಕಲಿತವರಿಗಾಗಿ 'ರಹಬರ್' ಪತ್ರಿಕೆ ನಡೆಸುತ್ತಿದ್ದರು, ಸುಲಭ ಮಾತಿನಲ್ಲಿ, ಮಗ ಅದರಲ್ಲಿ ಕೈಜೋಡಿಸಿದ್ದರು. 'ಬೆಹನೋ ಔರ್ ಭಾಯಿಯೋ' ಅಂತ ಹೆಂಗಸರನ್ನೇ ಮೊದಲು ಕರೆಯುತ್ತಿದ್ದರಲ್ವಾ, ನನ್ನ ಅಜ್ಜಿಗೆ ಅರ್ಥವಾಗುತ್ತಿದ್ದದ್ದು ಅದೊಂದೇ ಮಾತು, ಅದಕ್ಕೇ ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಮುಂದೆ ಮಾವ ಹೋಟೆಲು ಕೆಲಸಕ್ಕೆ ಮುಂಬೈಗೆ ಹೋದಾಗ ಕೈಹಿಡಿದದ್ದೂ ಆ ರೇಡಿಯೋ ಹಿಂದಿಯೇ.

ಇನ್ನೊಂದು ಇದೆ, ನನಗೆ ಅದೇ ಜಾಸ್ತಿ ಮುಖ್ಯ. ಸಿಲೋನಿನ ಫರ್ಮಾಯಿಷ್, ಅಂದರೆ ಕೇಳುಗರ ಕೋರಿಕೆಯ ಕಾರ್ಯಕ್ರಮಗಳಲ್ಲಿ ಝುಮ್ರಿ ತಲೈಯಾ ಅನ್ನುವ, ಈಗಿನ ಝಾರ್ಖಂಡದ ಗಣಿ ಊರಿನ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಬರೀ ಕಾಗದ ಬರೆದೇ ಊರು ಹೆಸರಾಯಿತು. ನಮ್ಮ ಊರಿನ ಹೆಸರು ಯಾವ ರೇಡಿಯೋದಲ್ಲಿ ಬರಬೇಕು? 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದ್ದೆವು. ಕನ್ನಡ ಕೇಳಬೇಕಾದರೆ ಧಾರವಾಡವನ್ನೋ ಬೆಂಗಳೂರನ್ನೋ ರಾತ್ರಿ ಗೊರಗೊರ ಸದ್ದಿನ ನಡುವೆ ಹುಡುಕಬೇಕಿತ್ತು.

1976ರ ಡಿಸೆಂಬರಿನಲ್ಲಿ ಮಂಗಳೂರು ಆಕಾಶವಾಣಿ ಶುರುವಾಯಿತು. ಸಿಲೋನಿಗೆ ಕಿವಿಗೊಟ್ಟು ಬೆಳೆದವರು ಕಾರ್ಡು ಹಿಡಿದು ಬರೆಯಲು ಕೂತರು. ಒಂದು ದಿನ ಆ ಕಡೆಯಿಂದ ಪೆರ್ಲ, ನೀರ್ಚಾಲು, ಕುಂಬಳೆ ಅಂತ ಓದಿದರು. ಕುಂಬಳೆ! ಬೋರ್ಡಿನಲ್ಲಿದ್ದ ಕುಂಬ್ಳ ಅಲ್ಲ, ನಾವು ಹೇಳುವ ಕುಂಬಳೆ. ಮಾವ ರೇಡಿಯೋದ ದನಿ ದೊಡ್ಡದು ಮಾಡಿ ಪಕ್ಕದ ಮನೆಯವರನ್ನು ಕೂಗಿದರು.