ಮಂಗಳವಾರ ಒಂದು ಗಂಟೆ ಸಾಕು

"ಮೇಡಂ, ಯಾವಾಗ ಬೇಕಾದರೂ ಫೋನ್ ಮಾಡಿ. ಎಂಥ ಕೆಲಸ ಇದ್ದರೂ ಬರ್ತೀನಿ."

ಹೊಸದಾಗಿ ಬಂದವರು ಹೀಗೆ ಹೇಳಿದಾಗ ನನಗೆ ಸ್ವಲ್ಪ ಭಯವಾಗುತ್ತದೆ. ಸ್ವಯಂಸೇವಕರನ್ನು ಹುಡುಕಿ, ಅವರಿಗೆ ಒಗ್ಗುವ ಕೆಲಸ ಹೊಂದಿಸಿ ಕೊಡುವುದು ನನ್ನ ವೃತ್ತಿ. ಹದಿನೆಂಟು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಯಾವಾಗ ಬೇಕಾದರೂ ಬರುತ್ತೇನೆ ಎಂದವರಲ್ಲಿ ತುಂಬ ಜನ ನಾಲ್ಕನೇ ತಿಂಗಳಿಗೆ ನನ್ನ ಫೋನ್ ಎತ್ತುವುದಿಲ್ಲ. ಅವರು ಕೆಟ್ಟವರಲ್ಲ, ಸುಸ್ತಾಗಿರುತ್ತಾರೆ ಅಷ್ಟೇ. ವಾರಕ್ಕೆ ಐದು ದಿನ ಬಂದಿರುತ್ತಾರೆ, ಮನೆಯಲ್ಲಿ ಬೈಸಿಕೊಂಡಿರುತ್ತಾರೆ. 'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂಬ ಗಾದೆ ಸುಮ್ನೆ ಹುಟ್ಟಿಲ್ಲ.

ಇನ್ನೊಂದು ಥರದವರೂ ಇದ್ದಾರೆ. ಒಮ್ಮೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಮಹಿಳೆ ಬಂದರು. ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಟ್ಟರು: "ಮಂಗಳವಾರ ಸಂಜೆ ಆರರಿಂದ ಏಳು. ಅದಕ್ಕಿಂತ ಜಾಸ್ತಿ ನನ್ನಿಂದ ಆಗಲ್ಲ." ನನಗೆ ಸಿಟ್ಟೇ ಬಂತು. ಸೇವೆಗೂ ಗಡಿಯಾರ ನೋಡ್ತಾರಲ್ಲ ಅಂದುಕೊಂಡೆ. ಓದಲು ಕಷ್ಟಪಡುವ ಮಕ್ಕಳ ಪಕ್ಕ ಕೂತು ಓದಿಸುವ ಕೆಲಸ ಕೊಟ್ಟೆ. ಅದಾಗಿ ಒಂಬತ್ತು ವರ್ಷವಾಯಿತು. ಅವರು ಇನ್ನೂ ಬರುತ್ತಿದ್ದಾರೆ.

ಸೇವೆ ಬದುಕಿನ ಭಾಗವಾಗಬೇಕು ಎಂದು ನಾವೆಲ್ಲ ಭಾಷಣ ಮಾಡುತ್ತೇವೆ. ಬದುಕಿನ ಭಾಗ ಅಂದರೆ ಹಲ್ಲುಜ್ಜಿದ ಹಾಗೆ. ಒಂದು ದಿನ ಎರಡು ಗಂಟೆ ಉಜ್ಜಿ ಆಮೇಲೆ ತಿಂಗಳುಗಟ್ಟಲೆ ಬಿಡುವವರಿಲ್ಲ. ಉಜ್ಜಿದೆ ಅಂತ ಫೋಟೋ ಹಾಕುವವರೂ ಇಲ್ಲ. ಡಿಸೆಂಬರ್ 5 ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ. 1985ರಲ್ಲಿ ವಿಶ್ವಸಂಸ್ಥೆ ಅದನ್ನು ಗೊತ್ತುಮಾಡಿತು. ಆ ದಿನ ನಮ್ಮ ಕಚೇರಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಾನು ಹೆಸರು ಬರೆದುಕೊಳ್ಳುವುದು ಡಿಸೆಂಬರ್ 6ಕ್ಕೆ ಬಂದವರದ್ದು.

ಒಂದೇ ಹೊತ್ತು, ಒಂದೇ ಜಾಗ, ಅದೇ ಮುಖ. ನಾನು ಇದಕ್ಕೆ ಹಟ ಹಿಡಿಯಲು ಕಾರಣ ಇದೆ. ಗೋಡೆಗೆ ಬಣ್ಣ ಬಳಿದರೆ ಕೆಲವು ವರ್ಷಕ್ಕೆ ಬಣ್ಣ ಹೋಗುತ್ತದೆ. ಜೊತೆಗೆ ನಿಂತು ಬಳಿದ ಇಬ್ಬರಿಗೆ ಆದ ಪರಿಚಯ ಹಾಗೆ ಹೋಗುವುದಿಲ್ಲ. ಆದರೆ ಪರಿಚಯ ಒಂದು ಭಾನುವಾರದಲ್ಲಿ ಆಗುವಂಥದ್ದಲ್ಲ. ಹೆಸರು ನೆನಪಿರಲು ಮೂರು ವಾರ ಬೇಕು. ಮನೆ ಎಲ್ಲಿ, ಮೊಣಕಾಲು ನೋವು ಹೇಗಿದೆ, ಮಗ ಯಾಕೆ ಮಾತಾಡುವುದಿಲ್ಲ ಎಂಬುದೆಲ್ಲ ತಿಳಿಯಲು ಅದಕ್ಕಿಂತ ಎಷ್ಟೋ ಜಾಸ್ತಿ.

ಈ ಪರಿಚಯದ ಬೆಲೆ ಕಷ್ಟಕಾಲದಲ್ಲಿ ಗೊತ್ತಾಗುತ್ತದೆ. 1995ರ ಜನವರಿ 17ರ ಬೆಳಗಿನ ಜಾವ ಜಪಾನಿನ ಕೋಬೆ ನಗರದ ಸುತ್ತಮುತ್ತ ದೊಡ್ಡ ಭೂಕಂಪವಾಯಿತು. 6,400ಕ್ಕೂ ಹೆಚ್ಚು ಜನ ತೀರಿಕೊಂಡರು. ಕುಸಿದ ಮನೆಗಳಡಿಯಿಂದ ಜೀವಂತವಾಗಿ ಹೊರಬಂದವರಲ್ಲಿ ಬಹುಪಾಲು ಜನರನ್ನು ಎಳೆದು ತೆಗೆದವರು ಮನೆಯವರು ಮತ್ತು ಅಕ್ಕಪಕ್ಕದವರು. ಸರ್ಕಾರದ ರಕ್ಷಣಾ ತಂಡಗಳು ಎಲ್ಲ ಕಡೆಗೂ ತಲುಪುವಷ್ಟರಲ್ಲಿ ಅವರು ಕೈಹಾಕಿ ಆಗಿತ್ತು. ಪಕ್ಕದ ಮನೆಯ ಅಜ್ಜಿ ಯಾವ ಕೋಣೆಯಲ್ಲಿ ಮಲಗುತ್ತಾರೆ ಅಂತ ಗೊತ್ತಿದ್ದವರಿಗೆ ಎಲ್ಲಿ ಅಗೆಯಬೇಕು ಅಂತಲೂ ಗೊತ್ತಿರುತ್ತದೆ, ಅಲ್ವಾ? ಆಮೇಲೆ ದೇಶದ ಎಲ್ಲ ಕಡೆಯಿಂದ ಸ್ವಯಂಸೇವಕರು ಬಂದರು. ವರ್ಷದಲ್ಲಿ ಅವರ ಸಂಖ್ಯೆ 10 ಲಕ್ಷ ದಾಟಿತು. ಜಪಾನಿನವರು ಆ ವರ್ಷವನ್ನು 'ಸ್ವಯಂಸೇವೆಯ ಮೊದಲ ವರ್ಷ' ಎಂದೇ ಕರೆಯುತ್ತಾರೆ. 1998ರಲ್ಲಿ ಇಂಥ ಗುಂಪುಗಳಿಗೆ ಸಂಸ್ಥೆಯಾಗಿ ನೋಂದಾಯಿಸಿಕೊಳ್ಳಲು ಹೊಸ ಕಾನೂನೂ ಬಂತು.

ಹಾಗಾದರೆ ಜನರನ್ನು ಕರೆಯುವುದು ಹೇಗೆ? ಇಲ್ಲಿ ನಾನು ವರ್ಷಗಟ್ಟಲೆ ತಪ್ಪು ಮಾಡಿದ್ದೇನೆ. ವಾಟ್ಸಾಪ್ ಗುಂಪಿಗೆ "ನಾಳೆ ಒಬ್ಬರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿದೆ, ಯಾರಾದರೂ ಬರಬಹುದಾ?" ಅಂತ ಹಾಕುತ್ತಿದ್ದೆ. ಗುಂಪಿನಲ್ಲಿ ಇನ್ನೂರು ಜನ. ನಲವತ್ತು ಕೈಮುಗಿಯುವ ಚಿತ್ರ ಬರುತ್ತಿತ್ತು, ಮನುಷ್ಯರು ಬರುತ್ತಿರಲಿಲ್ಲ. ಜನರಿಗೆ ಮನಸ್ಸಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೆ. ಅದು ಮನಸ್ಸಿನ ಪ್ರಶ್ನೆಯೇ ಅಲ್ಲ ಅಂತ ಆಮೇಲೆ ತಿಳಿಯಿತು.

ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1968ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಿದ್ಯಾರ್ಥಿಗಳು ಬೇರೆ ಬೇರೆ ಕೋಣೆಯಲ್ಲಿ ಕೂತು ಮೈಕಿನ ಮೂಲಕ ಮಾತಾಡುತ್ತಿರುತ್ತಾರೆ. ಮಧ್ಯೆ ಒಬ್ಬನಿಗೆ ಮೂರ್ಛೆ ಬಂದ ಹಾಗೆ ದನಿ ಕೇಳಿಸುತ್ತದೆ. ಅದು ನಾಟಕ. ಕೇಳಿಸಿಕೊಂಡಿದ್ದು ತಾನೊಬ್ಬನೇ ಎಂದು ತಿಳಿದವರಲ್ಲಿ ಶೇ. 85 ಜನ ಅವನ ದನಿ ನಿಲ್ಲುವುದರೊಳಗೆ ಎದ್ದು ಓಡಿದರು. ಇನ್ನೂ ನಾಲ್ಕು ಜನ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ತಿಳಿದವರಲ್ಲಿ ಅಷ್ಟರೊಳಗೆ ಎದ್ದವರು ಶೇ. 31 ಮಾತ್ರ. ನಾಲ್ಕು ಜನಕ್ಕೇ ಹೀಗಾದರೆ ಇನ್ನೂರು ಜನರ ಗುಂಪಿನ ಕಥೆ ಏನು?

ಈಗ ಒಬ್ಬರಿಗೇ ಫೋನ್ ಮಾಡುತ್ತೇನೆ. "ಸರ್, ನಾಳೆ ಹತ್ತು ಗಂಟೆಗೆ ಆಸ್ಪತ್ರೆಯ ಗೇಟ್ ಹತ್ತಿರ ನಿಲ್ತೀರಾ? ಹನ್ನೆರಡಕ್ಕೆ ಮುಗಿಯುತ್ತೆ." ಯಾರು, ಎಲ್ಲಿ, ಎಷ್ಟು ಹೊತ್ತಿನವರೆಗೆ ಎಂಬುದು ಗೊತ್ತಾದರೆ ಜನ ಒಪ್ಪುತ್ತಾರೆ. ಒಪ್ಪದಿದ್ದರೂ ಸ್ಪಷ್ಟವಾಗಿ ಹೇಳುತ್ತಾರೆ, ನಾನು ಮುಂದಿನವರಿಗೆ ಫೋನ್ ಮಾಡಬಹುದು. ಎಷ್ಟೋ ಜನ ಸೇವೆಗೆ ಬರದಿರುವುದು ಯಾರೂ ಅವರ ಹೆಸರು ಹಿಡಿದು ಕೇಳಿಲ್ಲ ಎಂಬ ಒಂದೇ ಕಾರಣಕ್ಕೆ.

ಇನ್ನೊಂದು ಪಾಠ ಕಲಿಸಿದವರು ಒಬ್ಬ ಹಿರಿಯರು. ಒಂಟಿಯಾಗಿರುವವರಿಗೆ ನಮ್ಮವರು ವಾರಕ್ಕೊಮ್ಮೆ ಫೋನ್ ಮಾಡಿ ವಿಚಾರಿಸುತ್ತಾರೆ. ಆ ಪಟ್ಟಿಯಲ್ಲಿ ಇವರೂ ಇದ್ದರು. ಒಂದು ದಿನ ನನಗೇ ಫೋನ್ ಮಾಡಿ ಬೈದರು. "ಹುಷಾರಾಗಿದ್ದೀರಾ ಅಂತ ಕೇಳೋದು ಬಿಟ್ಟರೆ ನಿಮ್ಮವರಿಗೆ ಬೇರೆ ಮಾತೇ ಬರಲ್ವಾ? ನಾನು ಮೂವತ್ತೈದು ವರ್ಷ ಲೆಕ್ಕ ಬರೆದವನು. ಕಾಲು ಹೋಗಿದೆ, ತಲೆ ಹೋಗಿಲ್ಲ." ಮರುವಾರವೇ ಅವರಿಗೆ ನಮ್ಮ ಪಾಳಿಯ ಪಟ್ಟಿ ಒಪ್ಪಿಸಿದೆ. ಯಾವ ದಿನ ಯಾರು ಬರಬೇಕು ಎಂದು ಈಗ ಅವರೇ ಬರೆಯುತ್ತಾರೆ. ತಡವಾಗಿ ಬಂದವರಿಗೆ ಅವರೇ ಫೋನ್ ಮಾಡಿ ವಿಚಾರಿಸುತ್ತಾರೆ. ನನಗಿಂತ ಅವರಿಗೆ ಎಲ್ಲರೂ ಜಾಸ್ತಿ ಹೆದರುತ್ತಾರೆ.

ಅಮೆರಿಕದ ವಕೀಲ ಎಡ್ಗರ್ ಕಾನ್ ಅವರಿಗೂ ಹೀಗೇ ಆಗಿತ್ತು. 1980ರಲ್ಲಿ ಅವರಿಗೆ ಹೃದಯಾಘಾತವಾಯಿತು. ಆಸ್ಪತ್ರೆಯಲ್ಲಿ ಮಲಗಿ ಬರೀ ಸೇವೆ ಮಾಡಿಸಿಕೊಳ್ಳುವುದು, ತಾನು ಯಾವುದಕ್ಕೂ ಉಪಯೋಗಕ್ಕಿಲ್ಲ ಅನ್ನಿಸುವುದು ಅವರಿಗೆ ತಡೆಯಲಾಗಲಿಲ್ಲ. ಆ ಯೋಚನೆಯಿಂದ ಹುಟ್ಟಿದ್ದು ಸಮಯ ಬ್ಯಾಂಕ್. ನೀವು ಒಂದು ಗಂಟೆ ಯಾರಿಗೋ ನೆರವಾದರೆ ನಿಮ್ಮ ಖಾತೆಗೆ ಒಂದು ಗಂಟೆ ಜಮಾ. ನಿಮಗೆ ಬೇಕಾದಾಗ ಇನ್ಯಾರದೋ ಒಂದು ಗಂಟೆ ತೆಗೆದುಕೊಳ್ಳಬಹುದು. ವಕೀಲರ ಗಂಟೆಗೂ ಮಗು ನೋಡಿಕೊಂಡವರ ಗಂಟೆಗೂ ಒಂದೇ ಬೆಲೆ. ಲೆಕ್ಕ ಇಡುವುದೇ ಸರಿಯಾ ಎಂಬ ಬಗ್ಗೆ ನನಗೆ ಅನುಮಾನ ಇದೆ. ಆದರೆ ಯಾರನ್ನೂ ಬರೀ ಕೈಚಾಚುವವರಾಗಿ ಉಳಿಸಬಾರದು ಎಂಬ ಮಾತನ್ನು ಪೂರ್ತಿ ಒಪ್ಪುತ್ತೇನೆ.

ಒಂದು ಎಚ್ಚರಿಕೆ. ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸವನ್ನು ಸ್ವಯಂಸೇವಕರ ತಲೆಗೆ ಕಟ್ಟುವವರು ಇದ್ದಾರೆ. ನರ್ಸ್ ಮಾಡಬೇಕಾದ್ದನ್ನು ನರ್ಸೇ ಮಾಡಲಿ. ಪಕ್ಕದಲ್ಲಿ ಕೂತು ಪೇಪರ್ ಓದಿ ಹೇಳುವುದು ನಮ್ಮ ಕೆಲಸ. ಇದರಲ್ಲಿ ನಾನು ಯಾರಿಗೂ ಬಗ್ಗುವುದಿಲ್ಲ.

ಕೊನೆಗೆ, ಬಿಟ್ಟು ಹೋಗುವುದರ ಬಗ್ಗೆ. ಬರುವುದು ಎಷ್ಟು ಸುಲಭವೋ ನಿಲ್ಲಿಸುವುದೂ ಅಷ್ಟೇ ಸುಲಭವಾಗಿರಬೇಕು. ಇಲ್ಲದಿದ್ದರೆ ಜನ ಹೇಳದೆ ಕೇಳದೆ ಮಾಯವಾಗುತ್ತಾರೆ, ಆಮೇಲೆ ರಸ್ತೆಯಲ್ಲಿ ಸಿಕ್ಕರೂ ಮುಖ ತಪ್ಪಿಸುತ್ತಾರೆ. ಅದಕ್ಕೇ ಮೂರು ಮೂರು ತಿಂಗಳಿಗೆ ಮಾತ್ರ ಒಪ್ಪಿಸಿಕೊಳ್ಳುತ್ತೇನೆ. ಅವಧಿ ಮುಗಿದಾಗ ಕೂರಿಸಿಕೊಂಡು ಕೇಳುತ್ತೇನೆ, ಇನ್ನೊಂದು ಮೂರು ತಿಂಗಳು ಇರ್ತೀರಾ, ಸಾಕಾ? ಸಾಕು ಅಂದವರನ್ನು ಯಾಕೆ ಅಂತ ಕೆದಕುವುದಿಲ್ಲ. ಅವರಲ್ಲಿ ಕೆಲವರು ವರ್ಷ ಬಿಟ್ಟು ತಾವಾಗಿಯೇ ಬಂದಿದ್ದಾರೆ.

ಬ್ಯಾಂಕಿನ ಆ ಮಹಿಳೆಗೂ ಮೂರು ತಿಂಗಳಿಗೊಮ್ಮೆ ಇದೇ ಪ್ರಶ್ನೆ. ಹೋದ ವಾರವೂ ಕೇಳಿದೆ. "ಇರ್ತೀನಿ ಮೇಡಂ" ಅಂದರು, ಗಡಿಯಾರ ನೋಡಿದರು, ಏಳು ಗಂಟೆಗೆ ಸರಿಯಾಗಿ ಬ್ಯಾಗ್ ಎತ್ತಿಕೊಂಡು ಹೊರಟರು.